ಕೈಗುಣಕ್ಕೆ ಎಷ್ಟು ಸ್ಟಾರ್?

ಬೇಲೂರಿನ ಚೆನ್ನಕೇಶವನಿಗೂ ಐದು ಸ್ಟಾರ್, ಪೇಟೆಬೀದಿಯ ಡಾಕ್ಟರಿಗೂ ಐದು ಸ್ಟಾರ್. ಗೂಗಲ್ ಮ್ಯಾಪಿಗೆ ಇರುವುದು ಒಂದೇ ತಕ್ಕಡಿ. ಗುಡಿಗೆ ಹೋದವರು ಕಂಡ ಶಿಲ್ಪದ ಬಗ್ಗೆಯಾದರೂ ಬರೆಯುತ್ತಾರೆ. ಡಾಕ್ಟರ ಬಗ್ಗೆ ಬರೆಯುವವರ ಗಮನವೆಲ್ಲ ಬಾಗಿಲ ಆಚೆಯೇ: ಎಷ್ಟು ಹೊತ್ತು ಕಾಯಿಸಿದರು, ಚೀಟಿ ಕೊಡುವವನು ಹೇಗೆ ಮಾತಾಡಿದ, ಬೈಕ್ ನಿಲ್ಲಿಸಲು ಜಾಗ ಇತ್ತೋ ಇಲ್ಲವೋ. ಕಾಯಿಲೆ ವಾಸಿಯಾಯಿತೇ ಎಂಬ ಮಾತು ಬಂದರೆ ಬಂತು.

ನಮ್ಮ ಕಡೆಯ ಹಳೇ ಅಳತೆ ಕೈಗುಣ. ಅದೇನೂ ವಿಜ್ಞಾನವಲ್ಲ, ತಾನಾಗಿ ಬಿಡುವ ಜ್ವರಕ್ಕೆ ಇಂಜೆಕ್ಷನ್ ಚುಚ್ಚಿ ಕೈಗುಣದ ಹೆಸರು ಗಳಿಸಿದವರೂ ಉಂಟು. ಆದರೆ ಹೇಳಿದವರು ಯಾರು, ಯಾಕೆ ಹೇಳಿದರು ಅನ್ನುವುದು ಊರಿಗೆ ಗೊತ್ತಿರುತ್ತಿತ್ತು. ಸ್ಟಾರು ಕೊಟ್ಟವರು ಯಾರು, ಡಾಕ್ಟರೇ ಕೇಳಿ ಬರೆಸಿದ್ದೋ ಎಂಬುದು ತಿಳಿಯದು. ಹಾಗೆ ವೈದ್ಯರು ರೋಗಿಗಳಿಂದ ರಿವ್ಯೂ ಕೇಳಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ನಿಯಮ ತಂದು, ಅದೇ ತಿಂಗಳು ಆ ನಿಯಮಾವಳಿಯನ್ನೇ ತಡೆಹಿಡಿಯಿತು.

ಹೆಂಗಸರ ಕಾಯಿಲೆಗೆ ಬಂದರೆ ಈ ಸ್ಟಾರುಗಳು ಮೂಕ. ಬಿಳಿಮುಟ್ಟು, ಗರ್ಭಕೋಶ ಜಾರುವುದು, ನಿಲ್ಲದ ಬಸಿರು ಇವನ್ನೆಲ್ಲ ಹೆಸರು, ಫೋಟೊ ಕಾಣುವ ಖಾತೆಯಿಂದ ಯಾರು ಬರೆದಾರು? ಎಷ್ಟೋ ಮನೆಗಳಲ್ಲಿ ಫೋನೂ ಗಂಡನದು ಇಲ್ಲವೇ ಮಗನದು. ಹಾಗಾಗಿ ಹಳೇಬೀಡಿನ ಹೆಂಗಸು ಫೋನ್ ತೆಗೆಯುವುದಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳುತ್ತಾಳೆ: "ಲೇಡಿ ಡಾಕ್ಟ್ರು ಯಾವತ್ತು ಬತ್ತರೆ ಅಕ್ಕ?" ಇದ್ದಾರೆಂದರೆ ಬೇಲೂರಿನ 16 ಕಿಲೋಮೀಟರ್ ಅವಳಿಗೆ ಲೆಕ್ಕವೇ ಅಲ್ಲ, ಹಾಸನವಾದರೂ ಸರಿ. ಅರಸೀಕೆರೆಯವರೂ ಹಾಗೇ ಬಸ್ಸು ಹತ್ತುತ್ತಾರೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರು, ಮಕ್ಕಳಿಗೆಂದೇ ತೆರೆದದ್ದು ಈ ಸಂಕೋಚವನ್ನು ಅರಿತೇ. ಲೇಡಿ ಡಾಕ್ಟರು ಸಿಗದವರಿಗೆ ಅನುಪಮಾ ನಿರಂಜನರ 'ತಾಯಿ-ಮಗು' ಪುಸ್ತಕವೇ ಲೇಡಿ ಡಾಕ್ಟರಾಗಿತ್ತು.

ಬರೆಯುವವರ ಭಾಷೆಯಲ್ಲೂ ಪಕ್ಷಪಾತವಿದೆ. ಗದರುವ ಗಂಡಸು 'ಖಡಕ್ ಡಾಕ್ಟರು', ಗದರುವ ಹೆಂಗಸು 'ಸಿಡುಕಿ'. ಆಕೆ ನಕ್ಕು ಮಾತಾಡಿಸುವುದೂ ಚಿಕಿತ್ಸೆಯ ಒಂದು ಭಾಗವೆಂದೇ ಲೆಕ್ಕ. ಆತನ ನಗು ಮಾತ್ರ ಬೋನಸ್ಸು.

ಅಮೆರಿಕದಲ್ಲಿ 65 ದಾಟಿದ ಒಳರೋಗಿಗಳ ಲೆಕ್ಕ ತೆಗೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ವೈದ್ಯೆಯರ ಆರೈಕೆಯಲ್ಲಿದ್ದ ಹೆಂಗಸರ 30 ದಿನಗಳೊಳಗಿನ ಸಾವಿನ ಪ್ರಮಾಣ ಶೇ. 8.15, ವೈದ್ಯರ ಆರೈಕೆಯಲ್ಲಿದ್ದವರದು ಶೇ. 8.38. ಅಂತರ ಸಣ್ಣದು, ಅದನ್ನು ಹಿಡಿದು ಗಂಡು ಡಾಕ್ಟರುಗಳನ್ನು ದೂರಲಾಗದು. ಆದರೆ ಇಂಥ ಅಂತರ ಯಾವ ಸ್ಟಾರಿನಲ್ಲೂ ಕಾಣುವುದಿಲ್ಲ.

ಬೇಲೂರಿನಿಂದ ವಾಪಸಾಗುವ ಬಸ್ಸಿನಲ್ಲಿ ಮುಂದಿನ ಸೀಟಿನವಳು ಪಕ್ಕದವಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಏನೂ ಬೈಲಿಲ್ಲ ಕಣಕ್ಕ, ಕೂರಿಸ್ಕಂಡು ಕೇಳುದ್ರು." ಪಕ್ಕದವಳು ಡಾಕ್ಟರು ಸಿಗುವ ಹೊತ್ತು ಕೇಳಿಕೊಂಡಳು.