ರಾಜಕುಮಾರಿಗೆ ಎರಡೇ ಡೈಲಾಗು

“ಮಾಮ, ಇಡೀ ನಾಟಕದಾಗೆ ನಂಗಿರೋದು ಎರಡೇ ಡೈಲಾಗು. ಅದ್ರಾಗೂ ಒಂದು ಬರೀ ‘ಅಮ್ಮಾ’ ಅಂತ.”

ಹೊನ್ನಾಳಿಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಒಂಬತ್ತನೇ ಕ್ಲಾಸು. ಸ್ಕೂಲ್ ಡೇಗೆ ಯದುರಾಯನ ಕಥೆ ನಾಟಕ ಮಾಡ್ತೀವಿ, ನಿಮ್ಮ ಮಾಮ ಬೆಂಗಳೂರಲ್ಲಿ ಇದಾರಲ್ಲ, ಅದೂ ಇದೂ ಬರೀತಾರಲ್ಲ, ಅವರ ಹತ್ರಾನೇ ಬರೆಸಿಕೊಂಡು ಬಾ ಅಂದಿದ್ದರಂತೆ ಟೀಚರ್. ನಾನೂ ಒಂದು ಭಾನುವಾರ ಕೂತು ಬರೆದು ಕಳಿಸಿದ್ದೆ. ಅವಳದು ರಾಜಕುಮಾರಿ ಪಾರ್ಟು. ಖಳನಾಯಕನಿಗೆ ಹನ್ನೊಂದು ಡೈಲಾಗು, ಯದುರಾಯನಿಗೆ ಹದಿನಾಲ್ಕು. ಯಾರ ಮದುವೆ ಮೇಲೆ ಇಡೀ ಕಥೆ ನಿಂತಿದೆಯೋ ಅವಳಿಗೆ ಎರಡು. ನಾನು ಮಾಡಿದ ತಪ್ಪೇ ಇರಬೇಕು ಅಂತ ಹಳೇ ಕಥೆಗಳನ್ನ ತೆಗೆದು ನೋಡಿದೆ. ಅಲ್ಲಿ ಆ ಎರಡೂ ಇರಲಿಲ್ಲ. ಅವೆರಡೂ ನಾನೇ ಸೇರಿಸಿದ್ದು!

ಕಥೆ ನಿಮಗೆಲ್ಲ ಗೊತ್ತಿರೋದೇ. ಆದರೂ ಒಂದ್ಸಲ ಚುಟುಕಾಗಿ ಹೇಳಿಬಿಡ್ತೀನಿ. ಮೈಸೂರು ಸೀಮೆಯ ಒಂದು ಸಣ್ಣ ಪಾಳೆಯಪಟ್ಟು. ದೊರೆ ಚಾಮರಾಜ ತೀರಿಕೊಂಡಿದ್ದಾನೆ. ಮನೆಯಲ್ಲಿ ಉಳಿದಿದ್ದು ರಾಣಿ ದೇವಾಜಮ್ಮಣ್ಣಿ, ಮಗಳು ಚಿಕ್ಕದೇವರಸಿ. ಕಾರುಗಹಳ್ಳಿಯ ಮಾರನಾಯಕ, “ಮಗಳನ್ನ ಕೊಡ್ತೀರೋ ಇಲ್ಲಾ ಯುದ್ಧಕ್ಕೆ ಬರ್ತೀರೋ” ಅಂತಾನೆ. ಹೆಂಗಸರು ಬೇರೆ ದಾರಿ ಕಾಣದೆ ಒಪ್ಪಿಕೊಳ್ತಾರೆ. ಅಷ್ಟರಲ್ಲಿ ದ್ವಾರಕೆ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಅನ್ನೋ ಅಣ್ಣತಮ್ಮಂದಿರಿಗೆ ಭೈರವನ ಗುಡಿ ಹತ್ತಿರ ಸುದ್ದಿ ಗೊತ್ತಾಗುತ್ತೆ. ಒಬ್ಬ ಜಂಗಮ ನೆರವಾಗ್ತಾನೆ. ಮಾರನಾಯಕನನ್ನ ಕೊಂದು, ಯದುರಾಯ ಆ ಹುಡುಗಿಯನ್ನೇ ಮದುವೆಯಾಗಿ 1399ರಲ್ಲಿ ಪಟ್ಟಕ್ಕೆ ಬರ್ತಾನೆ. ಅಲ್ಲಿಂದ ಒಡೆಯರ ವಂಶ ಶುರು.

ಇಷ್ಟು ಸಣ್ಣ ಕಥೆಗೆ ಎಷ್ಟೊಂದು ಆಯಸ್ಸು ನೋಡಿ. ಕೆರೂರು ವಾಸುದೇವಾಚಾರ್ಯರು ಹೋದ ಶತಮಾನದ ಆರಂಭದಲ್ಲೇ ‘ಯದುಮಹಾರಾಜ’ ಅನ್ನೋ ಹೆಸರಲ್ಲಿ ಕಾದಂಬರಿ ಬರೆದರು. ಅವರಿಗೂ ನೂರು ವರ್ಷ ಮೊದಲು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನ ಬರೆದಿಟ್ಟ. ಅವನ ಕಥೆಯಲ್ಲಿ ಕೆಲವು ವಿವರ ಬೇರೆ. ಅಣ್ಣನ ಹೆಸರು ವಿಜಯ, ಊರು ಹದಿನಾಡು, ಹುಡುಗಿಯ ಅಪ್ಪ ಸತ್ತಿಲ್ಲ, ಬುದ್ಧಿಭ್ರಮಣೆಯಾಗಿ ಎಲ್ಲೋ ಅಲೆಯೋಕೆ ಹೋಗಿದ್ದಾನೆ. ಅಣ್ಣತಮ್ಮಂದಿರಿಗೆ ವಿಷಯ ತಿಳಿಯೋದು ಕೆರೆ ಏರಿಯ ಮೇಲೆ, ಹೆಂಗಸರ ಮಾತಿನಿಂದ. ಮಾರನಾಯಕ ಸಾಯೋದು ಮದುವೆ ಊಟದ ನಡುವೆ.

ಸರಿ, ಎರಡು ಡೈಲಾಗಿನ ಪ್ರಶ್ನೆ ತಲೆಯಲ್ಲಿ ಕೊರೀತಾ ಇತ್ತು. ಆ ಸಲ ಯುಗಾದಿಗೆ ಊರಿಗೆ ಹೋದಾಗ ಸಿಕ್ಕ ಸಿಕ್ಕವರಿಗೆಲ್ಲ ಸ್ಕ್ರಿಪ್ಟ್ ಓದಿ ಹೇಳಿದೆ. ಒಬ್ಬೊಬ್ಬರದೂ ಒಂದೊಂದು ಮಾತು.

ಮೊದಲು ಹೊನ್ನಾಳಿ. ಭಾವನದು ಸರಳ. “ಊಟದ ಸೀನಲ್ಲಿ ಕತ್ತಿ ತೆಗೀತಾರಲ್ಲ, ಅಲ್ಲಿ ಜನ ಶಿಳ್ಳೆ ಹೊಡೀತಾರೆ ಬಿಡು. ಅದನ್ನ ಇನ್ನೂ ಎಳಿ.” ಇದನ್ನ ಸುಮ್ಮನೆ ತಳ್ಳಿಹಾಕೋಕೆ ಬರಲ್ಲ. ಕಥೆ ಇಷ್ಟು ವರ್ಷ ಬದುಕಿದ್ದೇ ಆ ಊಟದ ಸೀನಿಂದ.

ಆಮೇಲೆ ಜಗಳೂರು. ಅಲ್ಲಿ ನನ್ನ ಬಿಇ ರೂಮ್‌ಮೇಟ್ ಇದ್ದಾನೆ. ಶೇಂಗಾ, ಮೆಕ್ಕೆಜೋಳ, ಮಳೆ ಬಂದರೆ ಬೆಳೆ ಅನ್ನೋ ಊರು. ನಾಯಕ ಸಮಾಜದವನು. ಅರ್ಧ ಓದೋಷ್ಟರಲ್ಲೇ ತಡೆದ. “ನಿಲ್ಲಿಸೋ. ಊಟಕ್ಕೆ ಕರ್ದು ಎಲೆ ಮುಂದೆ ಕೂತೋನನ್ನ ಕೊಂದ್ರು. ನಿಮ್ಮ ನಾಟಕದಾಗೆ ಅದು ಶೌರ್ಯ. ನಾವು ಕೊಂದಿದ್ರೆ ಏನಂತಿದ್ರಿ?”

ಉತ್ತರ ಕೊಡೋಕೆ ಹೋಗಿ ಸುಮ್ಮನಾದೆ. ಯಾಕಂದರೆ ವಿಲ್ಕ್ಸ್ ಬರೆದದ್ದು ನೆನಪಾಯ್ತು. ಅವನ ಕಥೆಯಲ್ಲಿ ಕಾರುಗಹಳ್ಳಿಯವನು ಬಲವಂತ ಮಾಡಿದ ಅನ್ನೋದರ ಜೊತೆಗೆ, ಅವನು ಕೀಳು ಜಾತಿಯವನು ಅಂತಲೂ ಇದೆ. ಹಾಗಾದರೆ ಓದುಗನಿಗೆ ಅಯ್ಯೋ ಅನ್ನಿಸಬೇಕಾದದ್ದು ಯಾವುದಕ್ಕೆ? ಬಲವಂತಕ್ಕೋ, ಜಾತಿಗೋ? ಅದೇ ಮಾರನಾಯಕ ಸಮಾನ ಕುಲದ ಪಾಳೆಯಗಾರ ಆಗಿದ್ದರೆ ಇದು ಕಥೆಯೇ ಆಗ್ತಿರಲಿಲ್ಲವೇನೋ. ಬರೀ ಒಂದು ಸಂಬಂಧ ಆಗ್ತಿತ್ತು.

ಇದು ಉತ್ಪ್ರೇಕ್ಷೆ ಅಲ್ಲ. ಸೋತ ಗಜಪತಿ ತನ್ನ ಮಗಳನ್ನ ಕೃಷ್ಣದೇವರಾಯನಿಗೆ ಕೊಟ್ಟ, ಅದನ್ನ ನಾವು ಪಾಠದಲ್ಲಿ ‘ಒಪ್ಪಂದ’ ಅಂತ ಓದಿದ್ವಿ. ಫಿರೋಜ್ ಷಾ ಬಹಮನಿಗೆ ದೇವರಾಯ ಮಗಳನ್ನೂ, ಜೊತೆಗೆ ಬಂಕಾಪುರವನ್ನೂ ಕೊಟ್ಟ ಅಂತ ಫೆರಿಷ್ತಾ ಬರೀತಾನೆ, ಅದನ್ನ ‘ಅವಮಾನ’ ಅಂತ ಓದಿದ್ವಿ. ಅವಮಾನ ಯಾರಿಗೆ? ದೇವರಾಯನಿಗೆ. ಕೊಟ್ಟೋರ ಜಾತಿ, ತಗೊಂಡೋರ ಧರ್ಮ ನೋಡಿಕೊಂಡು ಹೆಸರು ಬದಲಾಗ್ತಾ ಹೋಗುತ್ತೆ. ಹುಡುಗಿ ಮಾತ್ರ ಎಲ್ಲ ಕಡೆ ಒಂದೇ ಥರ ಸುಮ್ಮನಿರ್ತಾಳೆ.

ಗೆಳೆಯನಿಗೆ ಇದನ್ನೇ ಹೇಳಿದೆ. “ಅದು ಸರಿ, ಆದ್ರೆ ನಿಮ್ಮ ಮಾರನಾಯಕನೂ ಆ ಹುಡುಗಿನ ಕೇಳ್ಲಿಲ್ವಲ್ಲೋ” ಅಂದೆ. ಅವನು ಸ್ವಲ್ಪ ಹೊತ್ತು ಬಿಟ್ಟು, “ಹೂಂ, ಕೇಳ್ಲಿಲ್ಲ” ಅಂದ. ಮಾರನಾಯಕನ ಪರವಾಗಿ ಕಥೆ ತಿರುಗಿಸಿ ಹೇಳೋರು ಈಗ ಇದ್ದಾರೆ, ಹೇಳಲೇಬೇಕು. ಆದರೆ ಖಳನನ್ನ ನಾಯಕ ಮಾಡಿದ ಮಾತ್ರಕ್ಕೆ ಆ ಹುಡುಗಿಗೆ ಬಾಯಿ ಬರಲ್ಲ.

ಮೂರನೇದು ಚನ್ನಗಿರಿ. ನಮಗೆ ಹೈಸ್ಕೂಲಲ್ಲಿ ಸಮಾಜ ಹೇಳಿಕೊಟ್ಟ ಮೇಷ್ಟ್ರು, ಈಗ ರಿಟೈರಾಗಿ ಅಡಿಕೆ ತೋಟ ನೋಡ್ಕೊಂಡಿದ್ದಾರೆ. “ದಂತಕಥೆಗೆ ಇಷ್ಟೆಲ್ಲ ಲಾಜಿಕ್ ಹಾಕಬೇಡಪ್ಪಾ. ಅದನ್ನ ಯಾರು, ಯಾವಾಗ, ಯಾಕೆ ಹೇಳಿದ್ರು ಅನ್ನೋದನ್ನ ನೋಡು” ಅಂದರು. ಅವರ ಮಾತು ಸರಿ. ಒಡೆಯರು ನಿಜವಾಗಿ ದೊಡ್ಡವರಾದದ್ದು 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ ಮೇಲೆ. ದೊಡ್ಡವರಾದ ಮೇಲೆ ಮೂಲ ಬೇಕಲ್ಲ. ದ್ವಾರಕೆಯಿಂದ ಬಂದ ಯಾದವ, ದಿಕ್ಕಿಲ್ಲದ ಹೆಣ್ಣನ್ನ ಕಾಪಾಡಿದ ವೀರ, ಜಂಗಮನ ಆಶೀರ್ವಾದ. ಮೂರೂ ಸೇರಿದರೆ ಸಿಂಹಾಸನಕ್ಕೆ ಗಟ್ಟಿ ತಳಪಾಯ. “ರಾಜ್ಯ ಕಿತ್ತುಕೊಂಡೆ ಅಂತ ಯಾವ ವಂಶಾನೂ ಹೇಳಲ್ಲ. ಹೆಣ್ಣನ್ನ ಉಳಿಸಿದೆ, ರಾಜ್ಯ ತಾನಾಗಿ ಬಂತು ಅಂತ ಹೇಳುತ್ತೆ.” ಮೂವತ್ತು ವರ್ಷ ಪಾಠ ಮಾಡಿದವರ ಮಾತು, ಬರೆದಿಟ್ಟುಕೊಂಡೆ.

ಹೊರಡುವಾಗ ಮೇಷ್ಟ್ರು ಇನ್ನೊಂದು ಸೇರಿಸಿದರು. “ನಮ್ಮೂರ ಹೆಸರೇ ಕೆಳದಿ ಚೆನ್ನಮ್ಮಂದು. 1672ರಿಂದ 1697ರ ತನಕ ತಾನೇ ಆಳಿದಾಕೆ. ಹೆಂಗಸರ ಕಥೆ ಬೇಕಂದ್ರೆ ಮೈಸೂರಿಗೆ ಯಾಕಪ್ಪಾ ಹೋದೆ?”

ಬಸ್ಸಲ್ಲಿ ಕೂತಾಗ ನನಗೆ ಚೆನ್ನಮ್ಮನಿಗಿಂತ ಸೂಳೆಕೆರೆ ನೆನಪಾಯ್ತು. ಅದೇ ತಾಲ್ಲೂಕಿನದು. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡದ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು, ಸುತ್ತಳತೆಯೇ ಸುಮಾರು 40 ಮೈಲಿ ಅಂತಾರೆ. ನಮ್ಮ ಕಡೆ ಹೇಳೋ ಕಥೆ ಹೀಗಿದೆ: ಸ್ವರ್ಗಾವತಿಯ ರಾಜ ವಿಕ್ರಮರಾಯನ ಮಗಳು ಶಾಂತವ್ವ ತಾನೇ ಮೆಚ್ಚಿದ ಸಿದ್ಧೇಶ್ವರನ ಜೊತೆ ಹೋಗಿ ವಾಪಸ್ಸು ಬಂದಳು. ಅಪ್ಪ ಅವಳನ್ನ ಸೂಳೆ ಅಂದ. ಆ ಮಾತು ತೊಳ್ಕೊಳ್ಳೋಕೆ ಅವಳು ಕೆರೆ ಕಟ್ಟಿಸಿದಳು. ಅಲ್ಲಿದ್ದ ವೇಶ್ಯೆಯರು ತಮ್ಮ ಹೆಸರು ಇಟ್ಟರೆ ಮಾತ್ರ ಜಾಗ ಬಿಡ್ತೀವಿ ಅಂದರು.

ಈ ಎರಡೂ ಕಥೆ ಪಕ್ಕಪಕ್ಕ ಇಟ್ಟು ನೋಡಿ. ಬಾಯಿ ಬಿಡದವಳಿಗೆ ಒಂದು ವಂಶದ ಮೂಲತಾಯಿ ಅನ್ನೋ ಪಟ್ಟ. ತಾನೇ ಆರಿಸಿಕೊಂಡವಳಿಗೆ ಇಷ್ಟು ನೂರು ವರ್ಷ ಆದರೂ ಹೋಗದ ಒಂದು ಬೈಗುಳ. ಆ ಬೈಗುಳದ ನೀರಲ್ಲೇ ನಮ್ಮ ಗದ್ದೆ ಬೆಳೆದಿದ್ದು ಅನ್ನೋದು ಬೇರೆ ಮಾತು.

ಕೊನೆಗೆ ನ್ಯಾಮತಿ, ಅತ್ತೆ ಮನೆ. ನಮ್ಮಪ್ಪನ ತಂಗಿ. ಹದಿನಾರಕ್ಕೆ ಸ್ವಂತ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದ್ದರು, ಜಮೀನು ಹೊರಗೆ ಹೋಗಬಾರದು ಅಂತ. ಆಗ 1986. ಹದಿನೆಂಟು ಆಗಬೇಕು ಅನ್ನೋ ಕಾನೂನು 1978ರಲ್ಲೇ ಬಂದಿತ್ತು. ನಮ್ಮೂರಿಗೆ ಬಂದಿರಲಿಲ್ಲ ಅಷ್ಟೇ.

ಅತ್ತೆ ಸೊಪ್ಪು ಸೋಸ್ತಾ ಪೂರ್ತಿ ಕೇಳಿದರು. “ಆ ತಾಯಿ ಜಾಣೆ ಕಣೋ” ಅಂದರು. “ಯಾರು?” “ಅದೇ ರಾಣಿ. ಒಲ್ಲೆ ಅಂದಿದ್ರೆ ಅವತ್ತೇ ಹೊತ್ಕಂಡು ಹೋಗ್ತಿದ್ದ. ಹೂಂ ಅಂದು ಟೈಮು ತಗಂಡ್ಲು. ಅಡಿಗೆ ಮನೆ ಅವಳದು, ಊಟ ಅವಳದು, ಕತ್ತಿ ಹಿಡ್ಕಂಡೋರನ್ನ ಅಡಗಿಸಿದ ಕೋಣೆ ಅವಳದು. ಹೆಸರು ಮಾತ್ರ ಹುಡುಗರದು.”

ನಾನು ಅಷ್ಟು ಪುಸ್ತಕ ತಿರುವಿದರೂ ಕಾಣದ್ದು ಅತ್ತೆಗೆ ಒಂದೇ ಸಲಕ್ಕೆ ಕಂಡಿತ್ತು. ಆಮೇಲೆ ಸೊಪ್ಪಿನ ಕಡ್ಡಿ ಮುರೀತಾನೇ ಇನ್ನೊಂದು ಮಾತು ಅಂದರು: “ನನ್ ಮದ್ವೆ ಊಟಕ್ಕೆ ಯಾರೂ ಕತ್ತಿ ಹಿಡ್ಕಂಡು ಬರ್ಲಿಲ್ಲ ನೋಡು.” ನಕ್ಕರು. ನಾನೂ ನಗಬೇಕಾಗಿತ್ತು, ಆಗಲಿಲ್ಲ. ಒಳಗೆ ಮಾವನವರು ಟಿವಿ ನೋಡ್ತಿದ್ದರು.

ಅತ್ತೆಯ ಮಾತು ಹಿಡ್ಕೊಂಡೇ ನನಗೆ ಈ ಕಥೆಯ ಗಂಟು ಎಲ್ಲಿದೆ ಅಂತ ಗೊತ್ತಾದದ್ದು. ಇಡೀ ಕಥೆ ನಿಂತಿರೋದು ಒಂದು ಸುಳ್ಳು ‘ಹೂಂ’ ಮೇಲೆ. ಭಯಕ್ಕೆ ಹೇಳಿದ ಹೂಂ. ಅದು ಸುಳ್ಳು ಅಂತ ಕೇಳೋನಿಗೆ ಗೊತ್ತು, ಅದಕ್ಕೇ ಮಾರನಾಯಕ ಸತ್ತಾಗ ಶಿಳ್ಳೆ ಬೀಳೋದು. ಸರಿ. ಆದರೆ ಅದೇ ಮನೆಯಲ್ಲಿ, ನೆಲದ ಮೇಲಿನ ರಕ್ತ ಒಣಗೋ ಮೊದಲೇ ಅದೇ ಹುಡುಗಿಯಿಂದ ಎರಡನೇ ಹೂಂ ಬರುತ್ತೆ. ಇದು ಕತ್ತಿ ಹಿಡಿದಿರೋ ಇನ್ನೊಬ್ಬ ಗಂಡಸಿಗೆ. ಈ ಸಲ ಯಾರಿಗೂ ಅನುಮಾನವೇ ಬರಲ್ಲ! ವಿಲ್ಕ್ಸ್ ಅಂತೂ ಅವಳು ಮನಸ್ಸು ಒಪ್ಪಿಯೇ ವಿಜಯನ ಹೆಂಡತಿಯಾದಳು ಅನ್ನೋ ಅರ್ಥ ಬರೋ ಒಂದು ವಿಶೇಷಣ ಸೇರಿಸಿ ಮುಂದೆ ಹೋಗ್ತಾನೆ. ನಾನೂ ನಾಟಕದಲ್ಲಿ ಸೂತ್ರಧಾರನ ಬಾಯಲ್ಲಿ ಹಾಕಿದ್ದೆ: ‘ರಾಜಕುಮಾರಿ ಸಂತೋಷದಿಂದ ಒಪ್ಪಿದಳು.’ ಅವಳು ನಿಜವಾಗಿಯೂ ಒಪ್ಪಿರಬಹುದು. ಯದುರಾಯ ಒಳ್ಳೆಯವನೇ ಇರಬಹುದು. ಆದರೆ ಮೊದಲನೇ ಹೂಂ ನಂಬಬಾರದು, ಎರಡನೇದನ್ನ ನಂಬಬೇಕು ಅನ್ನೋದಕ್ಕೆ ಕಥೆ ಏನೂ ಆಧಾರ ಕೊಡಲ್ಲ. ಅಲ್ಲಿ ಈ ಕಥೆ ಸೋಲುತ್ತೆ.

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಆ ಸಾಲು ನನಗೆ ಅಷ್ಟು ಸಲೀಸಾಗಿ ಹೇಗೆ ಬಂತು ಅಂತಲೂ ಹೇಳಬೇಕು.

ಹಿಂದಿನ ವರ್ಷ ನಮ್ಮ ಚಿಕ್ಕಪ್ಪನ ಮಗಳ ಮದುವೆ ಮಾತುಕತೆ. ಅವಳು ದಾವಣಗೆರೆಯಲ್ಲಿ ಬಿಎಸ್ಸಿ ಕೊನೇ ವರ್ಷ, ಬಿಎಡ್ ಮಾಡಬೇಕು ಅಂತಿದ್ದಳು. ಹುಡುಗನ ಕಡೆಯವರಿಗೆ ಅವಸರ. ಮನೆಯಲ್ಲಿ ಎಲ್ಲರೂ ಹೇಳಿ ಸೋತ ಮೇಲೆ “ನೀನು ಹೇಳಿದ್ರೆ ಕೇಳ್ತಾಳೆ” ಅಂತ ನನ್ನ ಕೈಗೆ ಫೋನ್ ಕೊಟ್ಟರು. ನಾನು ಹತ್ತು ನಿಮಿಷ ಮಾತಾಡಿದೆ. ಒಳ್ಳೆ ಹುಡುಗ, ಮದುವೆ ಆದ ಮೇಲೂ ಓದಬಹುದು, ಚಿಕ್ಕಪ್ಪನ ಬಿಪಿ ಬೇರೆ ಹೀಗಿದೆ. ಆ ಕಡೆ ಸುಮಾರು ಹೊತ್ತು ಸುಮ್ಮನಿದ್ದು, “ಹೂಂ ಅಣ್ಣ” ಅಂದಳು. ನಾನು ಹಜಾರಕ್ಕೆ ಬಂದು, “ಹುಡುಗಿ ಒಪ್ಪಿದಾಳೆ” ಅಂದೆ. ಎಲ್ಲರ ಮುಖ ಅರಳಿತು. ನನಗೆ ಏನೋ ಸಾಧಿಸಿದ ಹಾಗೆ ಅನ್ನಿಸಿತ್ತು.

ಕತ್ತಿ ಗಿತ್ತಿ ಏನೂ ಇರಲಿಲ್ಲ. ಒಂದು ಫೋನು, ಒಬ್ಬ ಪ್ರೀತಿಯ ಅಣ್ಣ, ಅಷ್ಟೇ. ಈಗ ಅವಳು ಚೆನ್ನಾಗಿದ್ದಾಳೆ. ಫೋನ್ ಮಾಡಿದಾಗ ಹಾಗೇ ಹೇಳ್ತಾಳೆ. ಬಿಎಡ್ ಮಾತು ಅವಳೂ ಎತ್ತಲ್ಲ, ನಾನೂ ಎತ್ತಲ್ಲ.

ಸ್ಕೂಲಿನ ನಾಟಕಕ್ಕೆ ಅರ್ಧ ಗಂಟೆ ಮಾತ್ರ ಟೈಮು. ಅಕ್ಕನ ಮಗಳಿಗೆ ಅಂತ ನಾನು ಸೇರಿಸಿ ಕಳಿಸಿದ ಐದು ಡೈಲಾಗಿನಲ್ಲಿ ನಾಲ್ಕನ್ನ ಟೀಚರ್ ತೆಗೆದರಂತೆ. ಊಟದ ಸೀನು ಹಾಗೇ ಉಳಿಯಿತು, ಭಾವ ಹೇಳಿದ ಹಾಗೆ ಶಿಳ್ಳೆಯೂ ಬಿತ್ತಂತೆ. ಸೂತ್ರಧಾರನ ಸಾಲು ಮಾತ್ರ ತಿದ್ದಿದ್ದೆ, ಅದನ್ನ ಯಾರೂ ಗಮನಿಸಲಿಲ್ಲ. ‘ರಾಜಕುಮಾರಿ ಸಂತೋಷದಿಂದ ಒಪ್ಪಿದಳು’ ಅಂತ ಇದ್ದದ್ದನ್ನ ‘ರಾಜಕುಮಾರಿ ಹೂಂ ಅಂದಳು’ ಅಂತ ಮಾಡಿದೆ.

ನಮಗೆ ಗೊತ್ತಿರೋದು ಅಷ್ಟೇ ತಾನೇ.