ಉಗುರು ನೋಡಿ ಕುಲ ಹೇಳುವವರು

ನೀರುಕರಡಿ, ಅಂದರೆ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮ ಪ್ರಾಣಿಗೆ ಸಿಕ್ಕಿರುವ ಪ್ರಚಾರದ ಬಗ್ಗೆ ನನಗೊಂದು ತಕರಾರಿದೆ. ಒಣಗಿಸಿದರೂ ಸಾಯದು, 2007ರಲ್ಲಿ ಅಂತರಿಕ್ಷಕ್ಕೆ ಕಳಿಸಿದರೂ ಬದುಕಿ ಬಂತು ಎಂದು ಎಲ್ಲರೂ ಕೊಂಡಾಡುವುದು ಗೋಡೆಯ ಹಾವಸೆಯಲ್ಲಿರುವ ಬಳಗವನ್ನು. ಆಳಸಮುದ್ರದ ಟಾರ್ಡಿಗ್ರೇಡುಗಳಿಗೆ ಆ ಪವಾಡ ಒಲಿದಿಲ್ಲ. ಎಂದೂ ನೀರಾರದ ಕಡೆ ಒಣಗಿ ಬದುಕುವ ವಿದ್ಯೆ ಯಾಕೆ ಬೇಕು? ಅವುಗಳ ಸೊಗಸಿರುವುದು ತಲೆಯ ಸ್ಪರ್ಶರೋಮಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಪಾದಗಳಲ್ಲಿ.

ಹಡಗಿನಿಂದ ಕೋರರ್ ಎಂಬ ಕೊಳವೆ ಸಾಧನ ಇಳಿಸಿ ತಳದ ಕೆಸರನ್ನು ಎತ್ತುತ್ತಾರೆ. ಅದಕ್ಕೆ ಸಿಹಿನೀರು ಸುರಿದರೆ ಉಪ್ಪುನೀರಿನ ಜೀವಿಗಳು ಆಘಾತಕ್ಕೆ ಹಿಡಿತ ಬಿಡುತ್ತವೆ. ಅವನ್ನು ಅತಿ ಸಣ್ಣ ಕಣ್ಣಿನ ಜರಡಿಗೆ ಬಸಿಯುತ್ತಾರೆ. ಅಷ್ಟು ಮಾಡಿದರೂ ಒಮ್ಮೊಮ್ಮೆ ಸಿಗುವುದು ಒಂದೇ ಒಂದು ಪ್ರಾಣಿ, ಅದೂ ಅರ್ಧ ಮಿಲಿಮೀಟರಿಗಿಂತ ಚಿಕ್ಕದು.

ಅದು ಯಾವ ಪ್ರಭೇದ ಎಂಬ ನಿಜವಾದ ಪಂಚಾಯಿತಿ ಶುರುವಾಗುವುದು ಇಲ್ಲಿಂದ. ಬೆರಳುಗಳೆಷ್ಟು, ಉಗುರು ಬೆರಳ ತುದಿಯಲ್ಲಿದೆಯೋ ನೇರ ಪಾದದ ಮೇಲೆ ಕೂತಿದೆಯೋ, ಜನನರಂಧ್ರ ಯಾವ ಆಕಾರದ್ದು ಎಂಬುದೆಲ್ಲ ಇಲ್ಲಿ ಸಾಕ್ಷಿ. ಫ್ರಾನ್ಸಿನ ಜೀನ್ ರೆನೋ-ಮೋರ್ನಾಂ 1974ರಲ್ಲಿ ಕೊರೊನಾರ್ಕ್ಟಿಡೇ ಎಂಬ ಆಳಸಮುದ್ರದ ಹೊಸ ಕುಟುಂಬವನ್ನೇ ಕಟ್ಟಿದರು; ಈ ಪ್ರಾಣಿಗಳಿಗೆ ಬೆರಳೇ ಇಲ್ಲ. ಆದರೆ ಮರಿಗಳು ದಾರಿ ತಪ್ಪಿಸುತ್ತವೆ. ಆಗಷ್ಟೇ ಮೊಟ್ಟೆಯೊಡೆದ ಮರಿಗೆ ಉಗುರುಗಳು ಕಡಿಮೆ, ಜನನರಂಧ್ರವಿಲ್ಲ, ಗುದವೂ ಇಲ್ಲ. ಅದನ್ನೇ ವಯಸ್ಕನೆಂದುಕೊಂಡರೆ ಇಲ್ಲದ ಪ್ರಭೇದವೊಂದು ಕಾಗದದ ಮೇಲೆ ಹುಟ್ಟಿಬಿಡುತ್ತದೆ! ಹಾಗಾದರೆ ಡಿಎನ್‌ಎ ನೋಡಬಾರದೇ ಎನ್ನುವವರಿದ್ದಾರೆ. ನೋಡಬಹುದು, ಆದರೆ ಮೈಯನ್ನೇ ಅರೆದು ಡಿಎನ್‌ಎ ತೆಗೆದರೆ ಮುಂದಿನವರು ಹೋಲಿಸಿ ನೋಡಲು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೆ ಏನೂ ಉಳಿಯುವುದಿಲ್ಲ. ಒಂದೇ ಪ್ರಾಣಿ ಸಿಕ್ಕಿದ್ದರೆ ನನ್ನ ಮತ ಗಾಜಿನ ಪಟ್ಟಿಗೇ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ, ದಡದಲ್ಲಿ. ಕೊಚ್ಚಿಯ ಸಂಶೋಧಕರು ತಮಿಳುನಾಡಿನ ಮಂಡಪಂ ತೀರದ ಮರಳಿನಲ್ಲಿ ಕಂಡ ಪ್ರಾಣಿಗೆ ಚಂದ್ರಯಾನದ ನೆನಪಿಗೆ ಬ್ಯಾಟಿಲಿಪೆಸ್ ಚಂದ್ರಯಾನಿ ಎಂದು ಹೆಸರಿಟ್ಟರು. ಉದ್ದ ಸುಮಾರು 0.15 ಮಿಲಿಮೀಟರ್. ಈ ಕುಲದ ಬೆರಳ ತುದಿಗಳಲ್ಲಿ ಪುಟ್ಟ ಬಿಲ್ಲೆಗಳಿವೆ, ಆರತಿ ತಟ್ಟೆ ಹಿಡಿದಂತೆ. ಯಾವ ಬೆರಳು ಎಷ್ಟು ಉದ್ದ ಎಂಬುದರಿಂದಲೇ ಅರ್ಧ ಗುರುತು ಹತ್ತುತ್ತದೆ.

ಆಳದ ಸರದಿ ಇನ್ನು ಬರಬೇಕು. ಪೆಸಿಫಿಕ್ ತಳದ ಮ್ಯಾಂಗನೀಸ್ ಗಂಟುಗಳ ಪ್ರದೇಶದಿಂದ ಬಂದ ಟಾರ್ಡಿಗ್ರೇಡೊಂದಕ್ಕೆ 1992ರಲ್ಲಿ ಮೊಯೆಬ್ಯರ್ಗಾರ್ಕ್ಟಸ್ ಮ್ಯಾಂಗನಿಸ್ ಎಂದು ಹೆಸರಾಯಿತು. ಅಂಥವೇ ಗಂಟುಗಳನ್ನು ಹುಡುಕಲು ಭಾರತಕ್ಕೆ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದ ಹಕ್ಕಿದೆ. ಗಣಿ ಯಂತ್ರ ಅಲ್ಲಿಗಿಳಿಯುವ ಮೊದಲು ಒಂದು ಹಿಡಿ ಕೆಸರು ಸೂಕ್ಷ್ಮದರ್ಶಕದ ಕೆಳಗೆ ಬರಲಿ, ಉಗುರು ಎಣಿಸುವವರ ಕೈಗೆ ಅದು ಮೊದಲು ಸಿಗಲಿ.