ಗಂಗೂಬಾಯಿ ಹಾನಗಲ್: ಗಾಯನ, ಕರ್ತೃತ್ವ ಮತ್ತು ನಮ್ಮ ಆರಾಧನಾ ಸಂಗೀತ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಕೃತಿಕಾರನೆಂದರೆ ಸ್ವರಗಳನ್ನು ಕಾಗದದ ಮೇಲೆ ಬರೆದಿಟ್ಟವನು. ಈ ಲಕ್ಷಣವನ್ನೇ ಹಿಡಿದು ಹೊರಟರೆ ಗಂಗೂಬಾಯಿ ಹಾನಗಲ್ (1913–2009) ಅವರಿಗೆ ಆ ಹೆಸರು ಸಲ್ಲುವುದಿಲ್ಲ. ಅವರು ಹಾಡಿದ ಬಂದಿಶ್‌ಗಳು ಗುರುಮುಖದಿಂದ ಬಂದವು: ಚಿಕ್ಕದೊಂದು ಸ್ಥಾಯಿ, ಅಷ್ಟೇ ಚಿಕ್ಕ ಅಂತರಾ. ಆದರೆ ಆ ಕೆಲವೇ ಸಾಲುಗಳ ಮೇಲೆ ಏಳುವ ದೀರ್ಘವಾದ ವಿಸ್ತಾರ ಯಾರ ಕೃತಿ? ಖಯಾಲಿನಲ್ಲಿ ಹಾಡುವವರೇ ಆ ಗಳಿಗೆಯ ಕೃತಿಕಾರರೆಂದು ಒಪ್ಪದೆ ಇದಕ್ಕೆ ಉತ್ತರವಿಲ್ಲ.

ಅಮೆರಿಕದ ಕಪ್ಪು ಜನಾಂಗದ ಕೃತಿಕಾರ್ತಿ ಫ್ಲಾರೆನ್ಸ್ ಪ್ರೈಸ್ ಅವರನ್ನು ಇಲ್ಲಿ ನೆನೆಯಬಹುದು. 1933ರಲ್ಲಿ ಷಿಕಾಗೋದ ವಾದ್ಯವೃಂದ ಅವರ ಸಿಂಫನಿಯನ್ನು ನುಡಿಸಿತು. ಹತ್ತು ವರ್ಷಗಳ ಬಳಿಕವೂ ತಾನು ಹೆಣ್ಣು, ತನ್ನಲ್ಲಿ ಕಪ್ಪು ರಕ್ತವಿದೆ ಎಂಬ ಎರಡು ಅಡ್ಡಿಗಳನ್ನು ಅವರು ಹೆಸರಾಂತ ನಿರ್ದೇಶಕರೊಬ್ಬರಿಗೆ ಪತ್ರದಲ್ಲಿ ಬಿನ್ನವಿಸಬೇಕಾಯಿತು. ಅವರ ಹಲವು ಹಸ್ತಪ್ರತಿಗಳು ಪಾಳುಬಿದ್ದ ಮನೆಯೊಂದರಲ್ಲಿ ಸಿಕ್ಕಿದ್ದು 2009ರಲ್ಲಿ, ಗಂಗೂಬಾಯಿಯವರು ಹುಬ್ಬಳ್ಳಿಯಲ್ಲಿ ತೀರಿಕೊಂಡ ವರ್ಷವೇ. ಕಾಗದ ಪಾಳುಮನೆಯಲ್ಲೂ ಉಳಿದೀತು. ಧ್ವನಿಮುದ್ರಣವಾಗದ ಗಾಯನ ಉಳಿಯುವುದು ಕೇಳಿದವರ ನೆನಪಿನಲ್ಲಿ ಮಾತ್ರ.

ನಮ್ಮ ಬಂಕಾಪುರಕ್ಕೆ ಹಾನಗಲ್ಲು ನೆರೆಯ ಊರು. ಆ ಊರಿನ ಹೆಸರು ಹೊತ್ತ ಮನೆತನದ ಈ ಮಗಳು ಹುಟ್ಟಿದ್ದು ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತನ್ನ ಶೈಲಿಯ ಸೋಂಕು ತಗುಲಬಾರದೆಂದು ತಾವು ಹಾಡುವುದನ್ನೇ ಬಿಟ್ಟರಂತೆ. ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತದ್ದು, 1971ರ ಪದ್ಮಭೂಷಣ, 2002ರ ಪದ್ಮವಿಭೂಷಣ, ಮೈಸೂರಿನ ವಿಶ್ವವಿದ್ಯಾಲಯಕ್ಕೆ ಇಟ್ಟ ಹೆಸರು, ಇವೆಲ್ಲ ಓದುಗರಿಗೆ ತಿಳಿದವೇ.

ದೈವಶಾಸ್ತ್ರದ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಪ್ರಸಂಗ ಬೇರೆಯದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಆ ಬಾಲಕಿಗೆ ಹಾಡಿಗಿಂತ ಊಟದ ಚಿಂತೆ ದೊಡ್ಡದಾಗಿತ್ತು: ತನ್ನನ್ನು ಬೇರೆ ಕೂರಿಸಿಯಾರೇ, ಎಲೆ ಎತ್ತಲು ಹೇಳಿಯಾರೇ? ಹಾಡು ಬೇಕು, ಹಾಡಿದವಳ ಪಂಕ್ತಿ ಬೇಡ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ಖಂಡಿಸುವುದು ಇಂಥದೇ ಹರಿದ ಪಂಕ್ತಿಯನ್ನು. ಜಾತಿಗೊಂದು ಸಾಲು ಮಾಡಿದ ದೇವಾಲಯಗಳು ದಕ್ಷಿಣ ಭಾರತದ ಧರ್ಮಸಭೆಯ ಚರಿತ್ರೆಯಲ್ಲೂ ಇರುವುದರಿಂದ ನಾವು ಈ ಪ್ರಸಂಗವನ್ನು ಅನ್ಯರ ಕಥೆಯಂತೆ ಓದಲಾಗದು. ಗಂಡಸು ಹಾಡಿದರೆ ಪಂಡಿತ ಅಥವಾ ಉಸ್ತಾದ, ಹೆಂಗಸು ಎಷ್ಟೇ ಹಾಡಿದರೂ ಬಾಯಿಯೇ ಎಂದು ಮುಂದೊಮ್ಮೆ ಅವರೇ ಆಡಿದ ಮಾತಿನಲ್ಲಿ ಕಹಿಗಿಂತ ನಿಖರತೆ ಹೆಚ್ಚು.

ಇನ್ನು ಗಾಯನ. 1940ರ ದಶಕದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ತೆಳುವಾದ ಕಂಠ ತಗ್ಗಿ ದಪ್ಪವಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಅವರು ಆ ಕಂಠಕ್ಕೆ ತಕ್ಕ ಸಂಗೀತವನ್ನು ಕಟ್ಟಿಕೊಂಡರು. ಮಾರ್ವಾ ರಾಗವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಪಂಚಮವಿಲ್ಲ, ಕೋಮಲ ರಿಷಭ ಮತ್ತು ಧೈವತಗಳ ನಡುವೆ ರಾಗ ಸುಳಿಯುತ್ತಿರುತ್ತದೆ, ಷಡ್ಜಕ್ಕೆ ಬೇಗನೆ ಮರಳುವುದಿಲ್ಲ. ಗಂಗೂಬಾಯಿಯವರ ವಿಲಂಬಿತದಲ್ಲಿ ಈ ತಡೆ ಅಲಂಕಾರವೆನಿಸದೆ ಸಹಿಸಬೇಕಾದ ಕಾಲವೆನಿಸುತ್ತದೆ. ಪವಿತ್ರ ಶನಿವಾರದ ಕುರಿತು ನಾವು ತರಗತಿಯಲ್ಲಿ ವಿವರಿಸಲು ಹೆಣಗುವುದನ್ನು ಕೇಳುಗನ ಕಿವಿ ಇಲ್ಲಿ ಅನುಭವಿಸುತ್ತದೆ. ರಾಗಕ್ಕೆ ಜ್ಞಾನಸ್ನಾನ ಮಾಡಿಸುವ ಉದ್ದೇಶ ನಮಗಿಲ್ಲ. ಹೋಲಿಕೆ ನಮ್ಮದು, ರಾಗದ್ದಲ್ಲ.

ಕೊರತೆಗಳಿಲ್ಲವೆಂದಲ್ಲ. ಅವರು ಹಾಡಿದ ರಾಗಗಳು ಹೆಚ್ಚಲ್ಲ. ತಾನುಗಳಲ್ಲಿ ವೈವಿಧ್ಯಕ್ಕಿಂತ ಬಲವೇ ಮುಂದು. ಒಂದು ಸ್ವರದಲ್ಲಿ ಊರಿ ನಿಲ್ಲುವ ಕಿರಾಣಾ ಪದ್ಧತಿಯನ್ನು ಮೆಚ್ಚದವರಿಗೆ ಅದು ಜಡವೆನಿಸೀತು. ಲಘು ಪ್ರಕಾರಗಳಿಂದ ಅವರು ದೂರ ಸರಿದದ್ದನ್ನು ಕೆಲವರು ಬಿಗಿತವೆಂದಾರು. ನಮಗೆ ಅದು ಘನತೆಯ ಆಯ್ಕೆಯಾಗಿ ಕಾಣುತ್ತದೆ. ಹಾಡುವ ಹೆಣ್ಣನ್ನು ಮನರಂಜನೆಯ ಸರಕೆಂದು ಬಗೆದ ಸಮಾಜಕ್ಕೆ ಅವರು ಕೊಟ್ಟ ಉತ್ತರ ಮಂದ್ರದಲ್ಲಿತ್ತು.

ಎರಡನೆಯ ವಾಟಿಕನ್ ಮಹಾಸಭೆಯ ಪೂಜಾವಿಧಿ ಸಂವಿಧಾನ (1963) ತನ್ನ 119ನೆಯ ವಿಧಿಯಲ್ಲಿ ಜನಾಂಗಗಳ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ಕೊಡಬೇಕೆಂದಿತು. ಅದರಂತೆ ನಾವು ರಾಗಗಳನ್ನು ತಂದುಕೊಂಡೆವು. ಆದರೆ ಹೆಚ್ಚಾಗಿ ತಂದದ್ದು ಮಟ್ಟುಗಳನ್ನು. ಆ ರಾಗಗಳನ್ನು ಕಾಪಾಡಿದ ಅಂಬಾಬಾಯಿಯಂಥವರ ಬಾಳು ನಮ್ಮ ಸಂಸ್ಕೃತೀಕರಣದ ಪಾಠದಲ್ಲಿಲ್ಲ. ರಾಗದ ವಿಳಂಬವನ್ನೂ ತರಲಿಲ್ಲ. ನಮ್ಮ ಸ್ತುತಿಗೀತೆಗಳು ಕಾಣಿಕೆಯ ತಟ್ಟೆ ಪೀಠ ಸೇರುವಷ್ಟರಲ್ಲಿ ಮುಗಿಯಬೇಕು. ಕಾಯುವಿಕೆಯನ್ನೇ ಹಾಡುವ 130ನೆಯ ಕೀರ್ತನೆಯನ್ನಾದರೂ ಗುರುಮಠಗಳ ಸಂಧ್ಯಾಪ್ರಾರ್ಥನೆಯಲ್ಲಿ ಹಾರ್ಮೋನಿಯಂ ಬದಿಗಿಟ್ಟು, ತಂಬೂರಿಯೊಂದನ್ನೇ ಮೀಟುತ್ತ ಮಾರ್ವಾದಲ್ಲಿ ಹಾಡಿ ನೋಡಬಹುದು. ಪಂಚಮದ ತಂತಿಯನ್ನು ಮಾತ್ರ ಮೊದಲೇ ನಿಷಾದಕ್ಕೆ ಶ್ರುತಿ ಮಾಡಿಕೊಳ್ಳಬೇಕು.